ನಡುಮಧ್ಯಾಹ್ನದ ಕಣ್ಣು

ವಾಯುನೆಲೆ (ಊರ ಹೆಸರು ಬರೆಯುವಂತಿಲ್ಲ)
11 ಫೆಬ್ರುವರಿ 2024

ಮಾಮಾ ಅವರಿಗೆ ವಿಜಯಶ್ರೀಯ ಶರಣು.

ಮೊನ್ನೆ ಫೋನಿನಲ್ಲಿ ನಾನು ಕೂಗಿದ್ದು ನಿಮಗೆ ಕೇಳಲಿಲ್ಲ. ನೀವು ಕೂಗಿದ್ದು ಇಡೀ ಮಾದನಹಿಪ್ಪರಗಾಕ್ಕೆ ಕೇಳಿತಂತೆ. ಅವ್ವ ಹೇಳಿದಳು. ಕಿವಿಯ ಯಂತ್ರವನ್ನು ಡಬ್ಬಿಯಲ್ಲಿಟ್ಟು ಕಪಾಟಿಗೆ ಬೀಗ ಹಾಕುವವರ ಜೊತೆ ಪತ್ರ ಬಿಟ್ಟರೆ ಬೇರೆ ದಾರಿಯಿಲ್ಲ. ಒಂದು ಮಾತು ನೆನಪಿರಲಿ: ಇಲ್ಲಿಂದ ಹೋಗುವ, ಇಲ್ಲಿಗೆ ಬರುವ ಪತ್ರಗಳನ್ನು ಒಬ್ಬ ಸಾಹೇಬರು ಮೊದಲು ಓದುತ್ತಾರೆ. ಧಾರವಾಡದ ಕಡೆಯವರು, ಕನ್ನಡ ಚೆನ್ನಾಗಿ ಬರುತ್ತದೆ. ನಿಮ್ಮ ಬೈಗುಳಗಳನ್ನು ನೋಡಿಕೊಂಡು ಬರೆಯಿರಿ.

ನಾನು ಯಾಕೆ ಇಲ್ಲಿದ್ದೇನೆ ಎಂದು ಪತ್ರಿಕೆ ಓದಿದವರಿಗೆಲ್ಲ ಗೊತ್ತು. ವಾಯುಪಡೆಗೆ ಹೊಸ ಯುದ್ಧವಿಮಾನ ಆರಿಸಬೇಕು. ಹೊರದೇಶದವರು ತಮ್ಮ ತಮ್ಮ ವಿಮಾನ ತಂದು ಹಾರಿಸಿ ತೋರಿಸುತ್ತಿದ್ದಾರೆ. ಇಂಜಿನ್ ನೋಡುವವರು ಬೇರೆ, ರೆಕ್ಕೆ ನೋಡುವವರು ಬೇರೆ. ನನ್ನ ಪಾಲಿಗೆ ಬಂದದ್ದು ಮೂಗಿನೊಳಗಿರುವ ರಾಡಾರ್. ಹಳೆಯ ರಾಡಾರ್ ಎಂದರೆ ಒಂದು ದೊಡ್ಡ ತಟ್ಟೆ. ಅಟ್ಟಣೆಯ ಮೇಲೆ ಕುಳಿತು ಜೋಳ ಕಾಯುವವನ ಹಾಗೆ ಅದು ಅತ್ತ ಇತ್ತ ಕತ್ತು ತಿರುಗಿಸಿ ನೋಡಬೇಕು. ಅತ್ತ ನೋಡುವಾಗ ಇತ್ತ ಹಕ್ಕಿ ಬರುತ್ತದೆ. ಹೊಸದಕ್ಕೆ ಕತ್ತೇ ಇಲ್ಲ. ಜೇನುಹಲ್ಲೆಯ ಹಾಗೆ ಸಾವಿರಕ್ಕೂ ಹೆಚ್ಚು ಪುಟ್ಟ ಪುಟ್ಟ ಗೂಡುಗಳು. ಒಂದೊಂದೂ ತಾನೇ ಅಲೆ ಬಿಡುತ್ತದೆ, ತಿರುಗಿ ಬಂದದ್ದನ್ನು ತಾನೇ ಹಿಡಿಯುತ್ತದೆ. ರೆಪ್ಪೆ ಬಡಿಯುವುದರೊಳಗೆ ಹತ್ತು ದಿಕ್ಕು ನೋಡಿ ಮುಗಿಸುತ್ತದೆ. ಅಷ್ಟು ದುಡಿಯುವುದರಿಂದ ಮೈ ಬಹಳ ಕಾಯುತ್ತದೆ. ಅದನ್ನು ತಂಪಾಗಿಡಲು ಒಳಗೆ ದ್ರವ ಹರಿಯುತ್ತಿರುತ್ತದೆ.

ನನಗೆ ಬೇಗ ಇದು ಮುಗಿಯಬೇಕು ಮಾಮಾ. ನನ್ನ ತಮ್ಮ ಶಿವಪ್ರಕಾಶ ಹಾರಿಸುವ ವಿಮಾನಕ್ಕೆ ಅವನಿಗಿಂತ ಹೆಚ್ಚು ವಯಸ್ಸಾಗಿದೆ. ಹೋದ ತಿಂಗಳು ಅವನ ಜೊತೆಗಾರನೊಬ್ಬ ಹಾರಿದವನು ತಿರುಗಿ ಬರಲಿಲ್ಲ. ಅವ್ವನಿಗೆ ಹೇಳಬೇಡಿ. ಹೊಸ ವಿಮಾನ ಬಂದರೆ ಮೊದಲು ಕೊಡುವುದು ಶಿವುವಿನ ತುಕಡಿಗೇ ಎನ್ನುತ್ತಾರೆ. ರಾಡಾರಿನ ವರದಿಗೆ ಜೂನ್ ಇಪ್ಪತ್ತಕ್ಕೆ ನನ್ನ ಸಹಿ ಬೀಳಬೇಕು. ಹಗಲೆಲ್ಲ ಕೆಲಸ ಮಾಡುತ್ತೇನೆ. ಆದರೆ ಫೋನು ಗುಣುಗುಟ್ಟಿದಾಗಲೆಲ್ಲ ಮೊದಲು ಯಾರ ಹೆಸರೆಂದು ನೋಡಿ ಆಮೇಲೆ ಎತ್ತುತ್ತೇನೆ.

ನಿಮ್ಮ ಸೊಸೆ,
ವಿಜಯಶ್ರೀ


ಮಾದನಹಿಪ್ಪರಗಾ
3 ಮಾರ್ಚ್ 2024

ಮಗಳೇ ವಿಜಿ, ನೂರು ವರ್ಷ ಬಾಳು.

ಪತ್ರ ಓದುವ ಸಾಹೇಬರಿಗೂ ಮಾದನಹಿಪ್ಪರಗಾದ ದಲಾಲ ದೌಲತರಾಯನ ಶರಣು. ಸಾಹೇಬರೇ, ನಮ್ಮ ಹುಡುಗಿ ಊಟ ಸರಿಯಾಗಿ ಮಾಡುವುದಿಲ್ಲ. ಪತ್ರ ಹೇಗೂ ಓದುತ್ತೀರಿ, ತಾಟನ್ನೂ ಒಮ್ಮೆ ನೋಡಿರಿ.

ನಿನ್ನ ಪತ್ರ ತಂದುಕೊಟ್ಟ ಟಪಾಲಿನ ನಿಂಬೆವ್ವ ಓಣಿಯ ಮಂದಿಗೆಲ್ಲ ಕೇಳುವಂತೆ, "ಏನ್ ದೌಲತಣ್ಣಾ, ಹಲ್ಲು ಉದುರಿದ ಮ್ಯಾಲ ನಿನಗ ಪತ್ರ ಬರಾಕತ್ತಾವಲ್ಲ! ಯಾರಪಾ ಆಕಿ?" ಎಂದಳು. "ವಿಮಾನ ಕೊಳ್ಳೋ ಸಾಹುಕಾರ್ತಿ ಬೇ" ಎಂದೆ. ನಂಬಲಿಲ್ಲ.

ನಿಮ್ಮವ್ವನ ಸಂಗತಿ ಕೇಳು. ಬೀದರ ಕಡೆಯಿಂದ ಕಲಿಯುವ ಹುಡುಗರ ವಿಮಾನ ಆಗೀಗ ನಮ್ಮ ಊರ ಮೇಲೆ ಹಾದುಹೋಗುತ್ತದಲ್ಲ, ಸಪ್ಪಳ ಕೇಳಿದರೆ ಸಾಕು, ಗಂಗಾ ಹಿಟ್ಟಿನ ಕೈಯಲ್ಲೇ ಅಂಗಳಕ್ಕೆ ಓಡುತ್ತಾಳೆ. ಅದು ಮರೆಯಾಗುವತನಕ ಕೊರಳಲ್ಲಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ನಿಲ್ಲುತ್ತಾಳೆ. "ಅದು ನಮ್ಮ ಶಿವೂದಲ್ಲ ಬೇ, ಅವ ಇರೋದು ಸಾವಿರ ಮೈಲಿ ದೂರ" ಎಂದರೆ, "ಯಾರ್ದರೆ ಶಿವೂ ಇರ್ತಾನ" ಎನ್ನುತ್ತಾಳೆ. ನನಗೆ ಸಪ್ಪಳ ಕೇಳುವುದಿಲ್ಲ. ಅವಳು ಓಡುವುದು ಕಾಣುತ್ತದೆ, ನಾನೂ ಎದ್ದು ಅಂಗಳಕ್ಕೆ ಬರುತ್ತೇನೆ.

ವಿಮಾನ ಕೊಳ್ಳುವುದು ನನಗೆ ಗೊತ್ತಿಲ್ಲ. ಎತ್ತು ಕೊಳ್ಳುವುದು ಗೊತ್ತು. ನಲವತ್ತು ವರ್ಷ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಸಂತೆಗಳಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು, ಬೆರಳಲ್ಲೇ ಬೆಲೆ ಹೇಳಿ ವ್ಯಾಪಾರ ಕುದುರಿಸಿದವನು ನಾನು. ನಾಲ್ಕು ಮಾತು ಹೇಳುತ್ತೇನೆ. ಹಲ್ಲು ಎಲ್ಲರೂ ನೋಡುತ್ತಾರೆ, ನೀನು ಗೊರಸು ನೋಡು. ಮಾರುವವನು ನಡೆಸಿ ತೋರಿಸುವ ದಾರಿಯಲ್ಲಿ ಎತ್ತು ಚೆನ್ನಾಗಿಯೇ ನಡೆಯುತ್ತದೆ. ನಿನ್ನ ಹೊಲಕ್ಕೆ ತಂದು ಕಲ್ಲುನೆಲದಲ್ಲಿ ಹೂಡು. ಮಾರುವವನು ಬೆನ್ನು ಚಪ್ಪರಿಸುವಾಗ ಅವನ ಕೈ ನೋಡಬೇಡ, ಎತ್ತಿನ ಕಿವಿ ನೋಡು. ಮತ್ತೊಂದು. ಮುಂಜಾನೆ ನೋಡಿದ ಎತ್ತನ್ನು ನಡುಮಧ್ಯಾಹ್ನ ಮತ್ತೊಮ್ಮೆ ನೋಡದೆ ಕೊಳ್ಳಬೇಡ. ಯಾಕೆ ಎಂದು ಕೇಳಬೇಡ. ನೋಡು, ಅಷ್ಟೆ.

ಶಿವುವಿನ ಜೊತೆಗಾರನ ಸುದ್ದಿ ಗಂಗಾಳಿಗೆ ಹೇಳಿಲ್ಲ. ಮುಚ್ಚಿಡುವುದು ನನಗೆ ರೂಢಿಯಿದೆ.

ಆಶೀರ್ವಾದಗಳೊಂದಿಗೆ,
ದೌಲತರಾಯ


ವಾಯುನೆಲೆ
14 ಮೇ 2024

ಮಾಮಾ, ಶರಣು.

ಎರಡು ತಿಂಗಳು ಬರೆಯಲಾಗಲಿಲ್ಲ. ನಿಮ್ಮ ನಾಲ್ಕನೆಯ ಮಾತು ಹಿಡಿದು ಹೋದೆ, ಅದು ನನ್ನನ್ನು ಎಲ್ಲಿಗೋ ತಂದು ನಿಲ್ಲಿಸಿದೆ.

ಇಲ್ಲಿ ಹಾರಾಟಗಳೆಲ್ಲ ಮುಂಜಾನೆಯೇ ನಡೆದಿದ್ದವು. ಮಾರುವವರು ಗಾಳಿ ತಿಳಿಯಾಗಿರುತ್ತದೆ ಎಂದು ಹೇಳಿದ್ದರು, ನಮ್ಮವರೂ ಒಪ್ಪಿದ್ದರು. ನಾನು ನಡುಮಧ್ಯಾಹ್ನ ಒಂದು ಹಾರಾಟ ಬೇಕೆಂದೆ. "ಯಾಕೆ?" ಎಂದು ಹಿರಿಯ ಸಾಹೇಬರು ಕೇಳಿದರು. ನಮ್ಮ ಆಳಂದದ ಕಡೆ ಮೇ ತಿಂಗಳ ಹನ್ನೆರಡು ಗಂಟೆ ಎಂದರೆ ಏನೆಂದು ನನಗೆ ಗೊತ್ತು, ಯುದ್ಧ ಮುಂಜಾನೆಯ ಹೊತ್ತು ಕೇಳಿ ಬರುವುದಿಲ್ಲ ಎಂದೆ. ಅವರು ನಕ್ಕು ಒಪ್ಪಿದರು.

ಇನ್ನು ಮುಂದೆ ಕೆಲಸದ ಮಾತು ಬರೆಯುವಂತಿಲ್ಲ. ಆದ್ದರಿಂದ ಎತ್ತಿನ ಮಾತು ಬರೆಯುತ್ತೇನೆ. ಸಾಹೇಬರು ಓದಲಿ, ಎತ್ತಿನ ಮಾತಿಗೆ ನಿಷೇಧವಿಲ್ಲ.

ಒಂದು ಎತ್ತು ಇದೆ ಎಂದುಕೊಳ್ಳಿ. ಹೊರಗಿನಿಂದ ಬಂದದ್ದು, ನೋಡಿದರೆ ದೃಷ್ಟಿಯಾಗಬೇಕು. ಮುಂಜಾನೆ ಅದರ ಕಣ್ಣಿಗೆ ಹತ್ತು ಹೊಲದಾಚೆಯ ಇಲಿಯೂ ಕಾಣುತ್ತದೆ. ಬಿಸಿಲು ಏರಿ, ಮೈ ಕಾದು, ಮುಕ್ಕಾಲು ಗಂಟೆ ದುಡಿದ ಮೇಲೆ ಆ ಕಣ್ಣು ಕೆಲವು ಕ್ಷಣ ಮಂಜಾಗುತ್ತದೆ. ನಿಧಾನವಾಗಿ ಒಂದು ವಚನ ಹೇಳಿ ಮುಗಿಸುವಷ್ಟು ಹೊತ್ತು. ಆಗ ಅದು ಮುಗ್ಗರಿಸುವುದಿಲ್ಲ, ನಿಲ್ಲುವುದಿಲ್ಲ, ಕತ್ತು ಒಗೆಯುವುದಿಲ್ಲ. ಹಿಂದೆ ಕುಳಿತವನಿಗೆ ಗೊತ್ತೇ ಆಗುವುದಿಲ್ಲ. ಎತ್ತು ಧೈರ್ಯವಾಗಿ ನಡೆಯುತ್ತಿದೆ, ಅಂದರೆ ಮುಂದೆ ಏನೂ ಇಲ್ಲ ಎಂದು ಅವನು ತಿಳಿಯುತ್ತಾನೆ. ಮುಂದೆ ಇರುತ್ತದೆ ಮಾಮಾ. ಪರೀಕ್ಷೆಗೆಂದು ನಾವೇ ಒಂದನ್ನು ಎದುರಿಗೆ ನಿಲ್ಲಿಸಿದ್ದೆವು. ಅದು ಅಲ್ಲೇ ಇತ್ತು, ಎತ್ತಿಗೆ ಕಾಣಲಿಲ್ಲ.

ಎರಡನೆಯ ಸಲ ನೋಡಿದೆವು. ಮತ್ತೆ ಹಾಗೆಯೇ ಆಯಿತು. ಮಾರುವವರು ಒಪ್ಪಿಕೊಂಡರು, ಮುಂದೆ ಔಷಧ ಹಾಕಿ ಸರಿಮಾಡುತ್ತೇವೆ ಎಂದರು. ಹಿರಿಯ ಸಾಹೇಬರು ನನ್ನನ್ನು ಕರೆದು ಬಾಗಿಲು ಹಾಕಿಕೊಂಡರು. "ವರದಿಯಲ್ಲಿ ಇನ್ನೂರು ಪ್ರಶ್ನೆಗಳಿವೆ. ಅಷ್ಟಕ್ಕೂ ಸರಿಯಾದ ಉತ್ತರ ಬರೆದಿದ್ದೀಯ. ಮಧ್ಯಾಹ್ನದ ಕಣ್ಣಿನ ಪ್ರಶ್ನೆ ಅದರಲ್ಲಿಲ್ಲ. ಕೇಳದ್ದಕ್ಕೆ ಯಾಕೆ ಉತ್ತರ ಬರೆಯುತ್ತೀ? ಬರೆದರೆ ಇಡೀ ಆಯ್ಕೆ ಎರಡು ವರ್ಷ ಹಿಂದೆ ಬೀಳುತ್ತದೆ. ಅಲ್ಲಿಯವರೆಗೆ ಹುಡುಗರು ಏನು ಹಾರಿಸುತ್ತಾರೆ, ನಿನಗೆ ನನಗಿಂತ ಚೆನ್ನಾಗಿ ಗೊತ್ತು" ಎಂದರು. ಅವರು ಕೆಟ್ಟವರಲ್ಲ ಮಾಮಾ. ಅವರ ಮಗನೂ ಹಾರಿಸುತ್ತಾನೆ.

ಸಹಿ ಹಾಕಿದರೆ ಶಿವು ಕೆಲವು ಕ್ಷಣ ಕುರುಡಾಗುವ ಎತ್ತನ್ನು ಏರುತ್ತಾನೆ. ಬರೆದರೆ ಮುದಿ ಎತ್ತಿನ ಮೇಲೆ ಇನ್ನೂ ಎರಡು ವರ್ಷ ಇರುತ್ತಾನೆ. ಎರಡೂ ಕಡೆ ಅವನೇ ಇದ್ದಾನೆ. ಕಣ್ಣು ಮುಚ್ಚಿದರೆ ಖಾಲಿ ಪರದೆ ಕಾಣುತ್ತದೆ, ಅದರಲ್ಲಿ ಒಂದು ಚುಕ್ಕೆಯೂ ಇಲ್ಲ. ಮೊದಲು ಚುಕ್ಕೆ ಕಂಡರೆ ಹೆದರುತ್ತಿದ್ದೆ.

ದಲಾಲರಾದ ನೀವು ಹೇಳಿ. ಕೇಳದ ದೋಷವನ್ನು ಹೇಳಬೇಕೇ?

ವಿಜಿ


ಮಾದನಹಿಪ್ಪರಗಾ
25 ಮೇ 2024

ವಿಜಯಶ್ರೀಗೆ,

ಪತ್ರ ಮುಟ್ಟಿತು. ಬಿಸಿಲೇರಿದರೆ ಕಾಣದ ಎತ್ತಿನ ಸುದ್ದಿ ನಿನಗೆ ಯಾರು ಹೇಳಿದರು? ಅಫಜಲಪುರದ ಮಲಂಗಸಾಬ ಸಿಕ್ಕಿದ್ದನೇ? ಅಥವಾ ಜೇವರ್ಗಿಯವರು ಯಾರಾದರೂ? ಯಾರು ಏನು ಹೇಳಿದರು ಎಂದು ನನಗೆ ತಿಳಿಸು. ಗಂಗಾಳಿಗೆ ಏನೂ ಬರೆಯಬೇಡ.

ನಿನ್ನ ಪ್ರಶ್ನೆಗೆ ಉತ್ತರ: ದಲಾಲ ಸುಳ್ಳು ಹೇಳುವುದಿಲ್ಲ, ಕೇಳದ್ದನ್ನೂ ಹೇಳುವುದಿಲ್ಲ. ಇದು ಸಂತೆಯ ರೀತಿ. ನಿನ್ನ ಹಿರಿಯರು ಹೇಳಿದಂತೆ ಮಾಡು. ಹುಡುಗನಿಗೆ ಹೊಸದು ಬರಲಿ. ಔಷಧ ಹಾಕುತ್ತೇವೆ ಎಂದಿದ್ದಾರಲ್ಲ, ಹಾಕುತ್ತಾರೆ.

ಕೈ ಸರಿಯಿಲ್ಲ, ಹೆಚ್ಚು ಬರೆಯಲಾರೆ.

ದೌಲತರಾಯ


ವಾಯುನೆಲೆ
2 ಜೂನ್ 2024

ಮಾಮಾ, ಶರಣು.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಆಶೀರ್ವಾದವಿಲ್ಲದೆ ನಿಮ್ಮಿಂದ ಬಂದ ಮೊದಲ ಪತ್ರ ಅದು. ನಿಮಗೆ ಮೈಯಲ್ಲಿ ಹುಷಾರಿಲ್ಲವೇ?

ನನಗೆ ಯಾರೂ ಏನೂ ಹೇಳಿಲ್ಲ. ಮಲಂಗಸಾಬ ಎಂಬುವವರನ್ನು ನಾನು ನೋಡಿಯೇ ಇಲ್ಲ. ನಾನು ಬರೆದದ್ದು ನನ್ನ ಕೆಲಸದ ಸಂಗತಿ, ಎತ್ತು ಬರೀ ನೆಪ. ನಿಮಗೆ ಯಾವುದೋ ಹಳೆಯದು ನೆನಪಾಗಿ ನೋವಾಗಿದ್ದರೆ ಬಿಟ್ಟುಬಿಡಿ. ನಾನು ಕೇಳುವುದಿಲ್ಲ. ಚಿಕ್ಕಂದಿನಿಂದ ನಮ್ಮನ್ನು ಹೊತ್ತು ಸಾಕಿದವರು ನೀವು. ಅಪ್ಪನಿಲ್ಲ ಎಂಬುದು ಶಾಲೆಯ ಅರ್ಜಿ ತುಂಬುವಾಗ ಮಾತ್ರ ನಮಗೆ ನೆನಪಾಗುತ್ತಿತ್ತು. ನೀವು ಹೇಳಿದಂತೆ ನಡೆದು ಈವರೆಗೆ ನನಗೆ ಕೆಡುಕಾಗಿಲ್ಲ.

ಇಪ್ಪತ್ತಕ್ಕೆ ಸಹಿ ಹಾಕುತ್ತೇನೆ. ನಿನ್ನೆ ಶಿವು ಫೋನ್ ಮಾಡಿದ್ದ. ಹಾರಾಟದ ನಡುವೆ ಅವನ ವಿಮಾನದ ರಾಡಾರ್ ಪೂರ್ತಿ ಸತ್ತುಹೋಯಿತಂತೆ. "ಏನ್ ಮಾಡ್ದಿ ಲೇ?" ಎಂದರೆ, "ಏನ್ ಮಾಡ್ಲಿ ಅಕ್ಕಾ, ಕಿಟಕಿ ಕಡಿ ಕೂತ ಅಜ್ಜಿಯಂಗ ಹೊರಗ ನೋಡ್ಕೋತ ಬಂದೆ" ಎಂದು ನಕ್ಕ. ನಕ್ಕ ದನಿ ಒಣಗಿತ್ತು. ಆಗಲೇ ನಿರ್ಧರಿಸಿದೆ. ಹೊಸದು ಬರಲಿ.

ನಿರ್ಧರಿಸಿದ ಮೇಲೆ ಹೆದರಿಕೆ ಕಡಿಮೆಯಾಗಬೇಕಿತ್ತು. ಆಗಿಲ್ಲ.

ನಿಮ್ಮ ವಿಜಿ


ಮಾದನಹಿಪ್ಪರಗಾ
11 ಜೂನ್ 2024

ಮಗಳೇ ವಿಜಿ,

ಈ ಪತ್ರವನ್ನು ನಿಂಬೆವ್ವನ ಕೈಗೆ ಕೊಡದೆ ಬಸ್ಸು ಹಿಡಿದು ಆಳಂದಕ್ಕೆ ಹೋಗಿ ಸ್ಪೀಡ್ ಪೋಸ್ಟ್ ಮಾಡುತ್ತೇನೆ. ಇಪ್ಪತ್ತರ ಒಳಗೆ ಮುಟ್ಟಬೇಕು. ಓದುವ ಸಾಹೇಬರೇ, ನಿಮಗೆ ಕೈ ಮುಗಿಯುತ್ತೇನೆ, ಓದಿದ ಸಂಗತಿ ನಿಮ್ಮಲ್ಲೇ ಇಟ್ಟುಕೊಳ್ಳಿರಿ. ಆದರೆ ಹುಡುಗಿಗೆ ತಡಮಾಡದೆ ಕೊಡಿರಿ.

ನೀನು ಕೇಳುವುದಿಲ್ಲ ಎಂದು ಬರೆದೆ. ಅದನ್ನು ಓದಿದಾಗ ಮೊದಲು ಹಗುರಾಯಿತು. ಬದುಕಿದೆ ಎಂದುಕೊಂಡೆ. ಆಮೇಲೆ ಅರ್ಧ ಉಂಡು ತಾಟು ಸರಿಸಿದೆ. ನೀನು ಕೇಳಿದ್ದರೆ ನಾನು ಏನಾದರೂ ಸುಳ್ಳು ಹೇಳುತ್ತಿದ್ದೆನೋ ಏನೋ. ಕೇಳಲಿಲ್ಲವಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಬಿಸಿಲೇರಿದರೆ ಕಾಣದ ಎತ್ತು ನಿಜವಾಗಿ ಇತ್ತು.

ಇಪ್ಪತ್ನಾಲ್ಕು ವರ್ಷದ ಹಿಂದಿನ ಮಾತು. ಸರಸಂಬಾದ ಒಬ್ಬ ಮುದುಕ ಆಳಂದದ ಸಂತೆಗೆ ಒಂದು ದೇವಣಿ ತಳಿಯ ಎತ್ತು ಹೊಡೆದುಕೊಂಡು ಬಂದ. ಬಿಳಿ ಮೈ, ಕರಿ ಮೋರೆ, ಎಡಗೊಂಬಿನ ತುದಿ ಮುರಿದಿತ್ತು. ಎರಡೂ ಕಣ್ಣಿನ ನಟ್ಟನಡುವೆ ಸಾಸಿವೆಯಷ್ಟು ಹೂ, ಅಂದರೆ ಬಿಳಿ ಪೊರೆ, ಬಿದ್ದಿತ್ತು. ಮುಂಜಾನೆಯ ತಂಪು ಬೆಳಕಿನಲ್ಲಿ ಪಾಪೆ ಅಗಲವಾಗಿ ತೆರೆದಿರುತ್ತದೆ, ಹೂವಿನ ಸುತ್ತಲಿಂದ ನೋಡಿಕೊಂಡು ಅದು ಸರಾಗ ನಡೆಯುತ್ತದೆ. ಬಿಸಿಲು ಚುರುಕಾದಂತೆ ಪಾಪೆ ಕಿರಿದಾಗುತ್ತದೆ, ಆಗ ಬರೀ ಹೂವೇ ಉಳಿಯುತ್ತದೆ. ಮುದುಕ ಮುಚ್ಚಿಡದೆ ನನಗೆ ಹೇಳಿದ. ನಾನು ಹೊತ್ತು ಏರುವ ಮೊದಲೇ ಅದನ್ನು ಜೇವರ್ಗಿಯ ಗಿರಾಕಿಯೊಬ್ಬನಿಗೆ ದಾಟಿಸಿದೆ. ಅವನು ಹಲ್ಲು ಕೇಳಿದ, ಮೈಮೇಲಿನ ಸುಳಿ ಕೇಳಿದ, ಗಾಡಿಗೆ ಹೂಡಿದ ರೂಢಿ ಇದೆಯೇ ಎಂದು ಕೇಳಿದ. ಕಣ್ಣು ಕೇಳಲಿಲ್ಲ. ನಾನು ಹೇಳಲಿಲ್ಲ. ಜಾಣತನ ಮಾಡಿದೆನೆಂದು ಆ ಸಂಜೆ ಎರಡು ಕಪ್ ಚಹಾ ಹೆಚ್ಚು ಕುಡಿದೆ.

ಜೇವರ್ಗಿಯವನಿಗೆ ಒಂದು ವಾರದಲ್ಲಿ ತಿಳಿದಿರಬೇಕು. ಅವನೂ ನನ್ನಂತೆಯೇ ಒಂದು ಮುಂಜಾನೆ ಅದನ್ನು ಇನ್ನೊಬ್ಬರಿಗೆ ದಾಟಿಸಿದ. ಎಂಟು ತಿಂಗಳಾದ ಮೇಲೆ ನಾನು ಅಫಜಲಪುರದ ಸಂತೆಗೆ ಹೋಗಿದ್ದೆ. ನಿಮ್ಮಪ್ಪ ರೇವಣಪ್ಪನೂ ನನ್ನ ಜೊತೆ ಗಾಡಿ ಕಟ್ಟಿಕೊಂಡು ಬಂದಿದ್ದ. ಅವನ ಜೋಡಿಯಲ್ಲಿ ಒಂದು ಎತ್ತಿಗೆ ಕಾಲು ಕುಂಟಾಗಿತ್ತು, ಅದನ್ನು ಕೊಟ್ಟು ಬೇರೆಯದನ್ನು ಕೊಳ್ಳುವುದಿತ್ತು. ನಾನು ಒಂದು ಗಿರಾಕಿ ಮುಗಿಸಿ ತಿರುಗಿ ನೋಡುತ್ತೇನೆ, ನಿಮ್ಮಪ್ಪನ ಕೈ ಆಗಲೇ ಅಲ್ಲಿಯ ದಲಾಲ ಮಲಂಗಸಾಬನ ಟವೆಲ್ಲಿನೊಳಗಿದೆ. ಪಕ್ಕದಲ್ಲಿ ನಿಂತದ್ದು ಕರಿ ಮೋರೆಯ, ಎಡಗೊಂಬು ಮುರಿದ ಆ ಎತ್ತು.

ಮಲಂಗಸಾಬನಿಗೆ ಏನೂ ಗೊತ್ತಿರಲಿಲ್ಲ. ಅವನ ಮೇಲೆ ತಪ್ಪು ಹೊರಿಸಬೇಡ. ಆ ಸಂತೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ.

ನಿಮ್ಮಪ್ಪ ನನ್ನನ್ನು ನೋಡಿದ. ಕೈ ಒಳಗಿದ್ದಾಗ ಬಾಯಿ ಬಿಡುವಂತಿಲ್ಲ, ಹುಬ್ಬು ಏರಿಸಿದ. ಹೆಂಗದ, ಎಂದು. ವಿಜಿ, ನಮ್ಮ ಸಂತೆಯಲ್ಲಿ ಒಂದು ಕಟ್ಟು ಇದೆ. ಇಬ್ಬರ ಕೈ ಟವೆಲ್ಲಿನ ಕೆಳಗಿದ್ದಾಗ ಮೂರನೆಯವನು ಬಾಯಿ ಹಾಕಬಾರದು. ಹಾಕಿದ ದಲಾಲನಿಗೆ ಆ ಸಂತೆಯಲ್ಲಿ ಮತ್ತೆ ಯಾರೂ ಕೈ ಕೊಡುವುದಿಲ್ಲ. ಅದೊಂದು. ಇನ್ನೊಂದು, ಇದರ ಕಣ್ಣು ಸರಿಯಿಲ್ಲ ಎಂದರೆ ನಿನಗೆ ಹೇಗೆ ಗೊತ್ತು ಎಂದು ನಾಲ್ಕು ಮಂದಿ ಕೇಳುತ್ತಾರೆ. ನಾನು ರುಮಾಲು ಸರಿಪಡಿಸಿಕೊಳ್ಳುತ್ತ ಬೇರೆ ಕಡೆ ನೋಡಿದೆ. ನಾನು ಸುಮ್ಮನಿದ್ದದ್ದನ್ನು ಅವನು ಒಪ್ಪಿಗೆ ಎಂದುಕೊಂಡ. ಬೆರಳು ಒತ್ತಿದ. ವ್ಯಾಪಾರ ಮುಗಿಯಿತು.

"ಎತ್ತು ಭಾಳ ಶಾಣ್ಯಾ ಅದ ನೋಡು ದೌಲೂ, ಮಾರಿ ನೋಡಿದ್ರ ತಿಳೀತದ" ಎಂದ. ನಾನು, "ನಡಿ, ಚಹಾ ಕುಡಿಯೂಣು, ಒಂದು ಮಾತು ಹೇಳೋದದ" ಎಂದೆ. ಹೋಟೆಲಿನವರೆಗೆ ನಡೆಯುವಷ್ಟರಲ್ಲಿ ಹೇಳಿಬಿಡುವೆ, ಎತ್ತನ್ನು ನಾನೇ ಇಟ್ಟುಕೊಳ್ಳುವೆ ಎಂದು ಮನಸ್ಸಿನಲ್ಲಿತ್ತು. ಅಷ್ಟರಲ್ಲಿ ಯಾರೋ ಗಿರಾಕಿ ನನ್ನನ್ನು ಕೂಗಿದ. "ನೀ ಕುಂಡ್ರು, ಈಗ ಬಂದೆ" ಎಂದೆ. ತಿರುಗಿ ಬಂದಾಗ ಹೋಟೆಲಿನ ಖಾಸೀಂಬಿ, "ಗಾಡಿ ಕಟ್ಕೊಂಡ್ ಹೋದ್ರಿ. ಹುಡುಗಿಗಿ ಜ್ವರ ಅದಂತ, ಲಗೂನ ಮುಟ್ಟಬೇಕಂದ್ರು" ಎಂದಳು. ಜ್ವರ ಬಂದಿದ್ದದ್ದು ನಿನಗೆ.

ಆಗ ಹನ್ನೊಂದು ದಾಟಿತ್ತು. ಒಂದು ಸೈಕಲ್ ತೆಗೆದುಕೊಂಡು ಬೆನ್ನು ಹತ್ತಿದೆ. ಆ ಬಿಸಿಲು ನನಗೆ ಇಂದಿಗೂ ಕನಸಿನಲ್ಲಿ ಬರುತ್ತದೆ. ಹಳ್ಳದ ಸೇತುವೆಗೆ ಆಗ ಕಟ್ಟೆ ಇರಲಿಲ್ಲ. ನಾನು ಮುಟ್ಟುವಷ್ಟರಲ್ಲಿ ಮಂದಿ ಕೂಡಿದ್ದರು. ಗಾಡಿ ಕೆಳಗೆ ಬೋರಲಾಗಿ ಬಿದ್ದಿತ್ತು.

ಎತ್ತು ಬೆದರಿತು ಎಂದು ನಿಮಗೆಲ್ಲ ಹೇಳಿದವನು ನಾನು. ಎತ್ತು ಬೆದರಲಿಲ್ಲ ವಿಜಿ. ಜೊತೆಯ ಎತ್ತನ್ನೂ ಎಳೆದುಕೊಂಡು ಧೈರ್ಯವಾಗಿ ನಡೆದುಹೋಯಿತು. ನೀನು ಬರೆದಂತೆಯೇ.

ಎತ್ತು ಬದುಕಿತು. ಅದನ್ನು ಮನೆಗೆ ತಂದು ಕಟ್ಟಿದೆ, ಮತ್ತೆ ಯಾರಿಗೂ ಮಾರಲಿಲ್ಲ. ಅದು ಸಾಯುವತನಕ ನೀನೂ ಶಿವುವೂ ಅದಕ್ಕೆ ಹಸಿಹುಲ್ಲು ತಿನ್ನಿಸಿದಿರಿ. ನಾನು ಕಂಬಕ್ಕೆ ಒರಗಿ ನೋಡುತ್ತಿದ್ದೆ.

ಹೋದ ತಿಂಗಳು ನಿನಗೆ ಸಹಿ ಹಾಕು ಎಂದು ಬರೆದದ್ದು ನನ್ನ ಹೆದರಿಕೆ. ಹುಡುಗನಿಗಾಗಿ ಹೆದರಿದೆ ಎಂದುಕೊಂಡಿದ್ದೆ. ಅಲ್ಲ, ಈ ಸಂಗತಿ ಹೊರಬೀಳುತ್ತದೆ ಎಂದು ಹೆದರಿದ್ದೆ. ಈಗ ಆ ಮಾತು ತಿರುಗಿ ತೆಗೆದುಕೊಳ್ಳುತ್ತೇನೆ. ಸಹಿ ನಿನ್ನದು, ನಾನು ಹಾಕು ಎನ್ನಲಾರೆ, ಬೇಡ ಎನ್ನಲಾರೆ. ಕೇಳದಿದ್ದಾಗ ಸುಮ್ಮನಿದ್ದರೆ ಏನಾಗುತ್ತದೆ ಎಂಬುದನ್ನು ಮಾತ್ರ ಬಲ್ಲೆ.

ಆಶೀರ್ವಾದ ಮಾಡುವ ಹಕ್ಕು ಇನ್ನೂ ಉಳಿದಿದೆಯೋ ಇಲ್ಲವೋ ತಿಳಿಯದು.

ದೌಲತರಾಯ


ಮಾದನಹಿಪ್ಪರಗಾ
9 ಜುಲೈ 2024

ವಿಜಿ,

ಪತ್ರ ಮುಟ್ಟಿತೇ? ಆಳಂದದ ಟಪಾಲು ಆಫೀಸಿಗೆ ಹೋಗಿ ರಸೀದಿ ತೋರಿಸಿದೆ. ಹದಿನೆಂಟಕ್ಕೆ ಮುಟ್ಟಿದೆ ಎಂದು ಕಂಪ್ಯೂಟರ್ ನೋಡಿ ಹೇಳಿದರು. ಒಂದು ಗೆರೆ ಬರೆ.

ದೌಲತರಾಯ


ಮಾದನಹಿಪ್ಪರಗಾ
12 ಆಗಸ್ಟ್ 2024

ವಿಜಿ,

ಪಂಚಮಿಗೆ ನೀನು ಬರಲಿಲ್ಲ. ನಿಮ್ಮವ್ವ ಉಂಡಿ ಕಟ್ಟಿ ಡಬ್ಬಿ ತುಂಬಿ ಇಟ್ಟಿದ್ದಾಳೆ. "ಯಾಕ ಬರ್ಲಿಲ್ಲ ಹುಡುಗಿ?" ಎಂದು ನನ್ನನ್ನೇ ಕೇಳುತ್ತಾಳೆ. ಕಿವಿ ಕೇಳದವರ ಹಾಗೆ ಎದ್ದು ಹೋಗುತ್ತೇನೆ. ಈಗೀಗ ಟಪಾಲಿನ ಹೊತ್ತಿಗೆ ಬಾಗಿಲಲ್ಲಿ ಕುಳಿತಿರುತ್ತೇನೆ. ನಿಂಬೆವ್ವನೂ ಚೇಷ್ಟೆ ಬಿಟ್ಟಿದ್ದಾಳೆ. ದೂರದಿಂದಲೇ ಇಲ್ಲ ಎಂದು ಕೈ ಅಲ್ಲಾಡಿಸುತ್ತಾಳೆ.

ಶಿವು ಹೇಗಿದ್ದಾನೆ? ಅದನ್ನಾದರೂ ತಿಳಿಸು. ಬೇರೆ ಏನೂ ಬೇಡ.

ದೌಲತರಾಯ


ಬೆಂಗಳೂರು
2 ಸೆಪ್ಟೆಂಬರ್ 2024

ಮಾಮಾ,

ಶಿವು ಚೆನ್ನಾಗಿದ್ದಾನೆ. ಮೊದಲು ಅದನ್ನು ಬರೆದೆ.

ನಿಮ್ಮ ಪತ್ರ ಹದಿನೆಂಟರ ಸಂಜೆ ಕೈಗೆ ಬಂತು. ಓದುವ ಸಾಹೇಬರೇ ತಂದುಕೊಟ್ಟರು. ಯಾವತ್ತೂ ಪೇದೆಯ ಕೈಯಲ್ಲಿ ಕಳಿಸುವವರು ಅಂದು ತಾವೇ ಬಂದು ಕೊಟ್ಟು ಹೋದರು.

ಹತ್ತೊಂಬತ್ತರಂದು ವರದಿಯ ಕೊನೆಗೆ ಒಂದು ಪುಟ ಸೇರಿಸಿದೆ. ಆ ಮಧ್ಯಾಹ್ನ ಕಂಡದ್ದನ್ನು ಎಷ್ಟು ಹೊತ್ತಿಗೆ, ಎಷ್ಟು ಬಿಸಿಲಿಗೆ, ಎಷ್ಟು ಕ್ಷಣ ಎಂದು ಬರೆದು ಕೆಳಗೆ ಸಹಿ ಹಾಕಿದೆ. ಹಿರಿಯ ಸಾಹೇಬರು ಓದಿ, "ಇದನ್ನು ಯಾರು ಕೇಳಿದರು?" ಎಂದರು. "ಯಾರೂ ಕೇಳಲಿಲ್ಲ ಸರ್" ಎಂದೆ. ಆ ಪುಟವನ್ನು ವರದಿಯಿಂದ ಬಿಡಿಸಿ ಕೈಗೆ ತೆಗೆದುಕೊಂಡರು. ಹರಿದು ಹಾಕುತ್ತಾರೆ ಎಂದುಕೊಂಡೆ. ಹಾಕಲಿಲ್ಲ. ಮೇಲಕ್ಕೆ ಕಳಿಸಿದರು. ಮುಂದಿನ ಬೇಸಿಗೆಯಲ್ಲಿ ಎಲ್ಲರೂ ಮತ್ತೆ ಬರಬೇಕು, ನಡುಮಧ್ಯಾಹ್ನ ನೋಡಬೇಕು ಎಂದಾಗಿದೆ. ನನ್ನನ್ನು ಪರೀಕ್ಷೆಯ ತಂಡದಿಂದ ತೆಗೆದು ಇಲ್ಲಿ ಒಂದು ಮೇಜಿನ ಮುಂದೆ ಕೂಡಿಸಿದ್ದಾರೆ.

ಶಿವು ಇನ್ನೆರಡು ವರ್ಷವಾದರೂ ಹಳೆಯದರಲ್ಲೇ ಹಾರಬೇಕು. ಅದನ್ನು ಅವನಿಗೆ ನಾನೇ ಹೇಳಿದೆ. ನಿನ್ನ ಹೊಸ ವಿಮಾನ ತಡವಾಗುವುದಕ್ಕೆ ನಾನು ಕಾರಣ, ಅದಕ್ಕಿಂತ ಹೆಚ್ಚು ಹೇಳುವಂತಿಲ್ಲ ಎಂದೆ. ಅವನು, "ಅಕ್ಕಾ, ಈ ಮುದುಕಿ ವಿಮಾನ ಎಲ್ಲಿ ಕುರುಡು ಅಂತ ನನಗ ಗೊತ್ತದ. ಅಲ್ಲಿ ನಾನೇ ಕತ್ತು ಹೊಳ್ಳಿಸಿ ನೋಡ್ತೀನಿ. ಗೊತ್ತಿಲ್ಲದ್ರೊಳಗ ಕೂಡಿಸಬ್ಯಾಡ ನನ್ನ" ಎಂದ. ಮತ್ತೆ, "ಆದ್ರ ಅಂಜಿಕಿ ಬರ್ತದ ಅಕ್ಕಾ. ಯಾರಿಗೂ ಹೇಳಬ್ಯಾಡ" ಎಂದ. ನಾನು ನಿಮಗೆ ಹೇಳುತ್ತಿದ್ದೇನೆ. ಈ ಒಂದು ಭಾರ ನನಗೊಬ್ಬಳಿಗೇ ಹೊರಲಾಗುವುದಿಲ್ಲ.

ಅಪ್ಪನ ವಿಷಯ. ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ಬರೆಯಲು ಕುಳಿತೆ, ಅದು ಸುಳ್ಳಾಯಿತು. ಕ್ಷಮಿಸುವುದಿಲ್ಲ ಎಂದು ಬರೆದೆ, ಅದೂ ಸುಳ್ಳಾಯಿತು. ಎರಡನ್ನೂ ಹರಿದೆ. ಎರಡು ತಿಂಗಳು ಹೀಗೇ ಹೋದವು. ಅಂದು ನನಗೆ ಜ್ವರ ಬಂದಿತ್ತು ಎಂಬುದನ್ನು ಮಾತ್ರ ನೀವು ಬರೆಯದೆ ಬಿಡಬಹುದಿತ್ತು ಎಂದು ಮೊದಲು ಸಿಟ್ಟು ಬಂತು. ಆಮೇಲೆ, ಅದನ್ನೂ ಬಿಟ್ಟಿದ್ದರೆ ಉಳಿದದ್ದನ್ನು ನಂಬುತ್ತಿದ್ದೆನೇ ಎಂದು ಯೋಚಿಸಿದೆ.

ಅವ್ವನಿಗೆ ನೀವೇ ಹೇಳಬೇಕು. ಶಿವುವಿಗೂ ನೀವೇ. ನಾನು ಅವನಿಗೆ ಇದನ್ನು ಹೇಳಿಲ್ಲ. ಅವನು ಇಪ್ಪತ್ತೊಂದಕ್ಕೆ ರಜೆಯ ಮೇಲೆ ಆಳಂದಕ್ಕೆ ಬರುತ್ತಾನೆ.

ವಿಜಯಶ್ರೀ


ಆಳಂದ ಬಸ್‌ಸ್ಟ್ಯಾಂಡು
21 ಸೆಪ್ಟೆಂಬರ್ 2024

ವಿಜಿ,

ಶಿವು ಬರುವ ಬಸ್ಸು ಹನ್ನೊಂದಕ್ಕೆ. ಒಂಬತ್ತಕ್ಕೇ ಬಂದು ಕುಳಿತಿದ್ದೇನೆ. ಮೊಣಕಾಲ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಓದಿಕೋ.

ನಿಮ್ಮವ್ವನಿಗೆ ಹತ್ತು ದಿನದ ಹಿಂದೆ ಹೇಳಿದೆ. ಅಂಗಳದಲ್ಲಿ ಹೆಸರುಕಾಳು ಕೇರುತ್ತಿದ್ದಳು. ಕಿವಿಗೆ ಯಂತ್ರ ಹಾಕಿಕೊಂಡು ಎದುರಿಗೆ ಕುಳಿತೆ. ಅವಳು ಏನೇ ಅಂದರೂ ಕೇಳಬೇಕೆಂದು. ಮೊದಲಿಂದ ಕೊನೆಯತನಕ ಹೇಳಿದೆ. ಮೊರ ನಿಲ್ಲಲಿಲ್ಲ. ಮುಗಿದ ಮೇಲೆ, "ಎಷ್ಟ್ ವರ್ಷ ಆತು?" ಎಂದಳು. "ಇಪ್ಪತ್ಮೂರು" ಎಂದೆ. "ಇಪ್ಪತ್ಮೂರು ವರ್ಷ ನನ್ನ ಕೈಲೆ ರೊಟ್ಟಿ ತಿಂದಿ" ಎಂದಳು. ಅಷ್ಟೇ. ಅಂದಿನಿಂದ ಮಾತಿಲ್ಲ. ತಾಟು ತಂದು ಮುಂದಿಡುತ್ತಾಳೆ, ಮುಖ ನೋಡುವುದಿಲ್ಲ. ಯಂತ್ರ ಹಾಕಿಕೊಂಡೇ ಇದ್ದೇನೆ. ಮನೆ ಇಷ್ಟು ನಿಶ್ಶಬ್ದವಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಇವತ್ತು ಕರೆಯದೆಯೇ ನನ್ನ ಹಿಂದೆ ಜೀಪು ಹತ್ತಿ ಬಂದಿದ್ದಾಳೆ. ಇದೇ ಬೆಂಚಿನ ಆ ತುದಿಗೆ ಕುಳಿತಿದ್ದಾಳೆ, ನಾನು ಈ ತುದಿಗೆ. ನಡುವೆ ಯಾರೋ ತೊಗರಿಯ ಚೀಲ ಇಟ್ಟು ಹೋಗಿದ್ದಾರೆ.

ವಿಜಿ, ಜೀವಮಾನದಲ್ಲಿ ಇಷ್ಟು ಹೆದರಿದವನಲ್ಲ. ಅವನು ಅಪ್ಪನ ಮುಖವನ್ನೇ ಹೊತ್ತು ಬರುತ್ತಾನೆ. ಹುಬ್ಬು ಅದೇ. ಈಗಷ್ಟೇ, ಗಂಗಾಳಿಗೆ ಕೇಳಲೆಂದೇ ಗಟ್ಟಿಯಾಗಿ, "ಮೊದ್ಲ ಮನಿಗಿ ಕರ್ಕೊಂಡ್ ಹೋಗೂಣು. ಹುಡುಗ ದಣಿದಿರ್ತಾನ, ಉಣ್ಲಿ. ಉಂಡ ಮ್ಯಾಲ ಹೇಳ್ತೀನಿ" ಎಂದೆ.

ಹತ್ತು ದಿನದ ಮೇಲೆ ಅವಳು ನನ್ನ ಕಡೆ ತಿರುಗಿದಳು.

"ಉಂಡ ಮ್ಯಾಲ ಅಲ್ಲ. ಇಳಿದ ಕೂಡ್ಲೇ ಹೇಳು."

ಕಲಬುರಗಿಯ ಬಸ್ಸು ಒಳಗೆ ತಿರುಗುತ್ತಿದೆ. ಗಂಗಾ ಎದ್ದು ನಿಂತಳು. ನಾನೂ ಏಳುತ್ತೇನೆ.

ನಿನ್ನ ಮಾಮ,
ದೌಲತರಾಯ